ಮಂಡಕ್ಕಿ ಸೋತದ್ದೇಕೆ? ಚದುರಂಗದ ಎಂಜಿನ್ ಪಂದ್ಯದ ನಡುವೆ ಕೈಕೊಟ್ಟಾಗ ದೋಷ ಹುಡುಕುವ ಬಗೆ

ದಾವಣಗೆರೆಯಲ್ಲಿ ನನ್ನದೊಂದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಜಗಳೂರು, ಚನ್ನಗಿರಿ ಕಡೆಯಿಂದ ಮೋಟಾರ್ ಹೊತ್ತು ತರುವವರು “ಕಾಯಿಲ್ ಸುಟ್ಟಿದೆ, ಹೊಸದಾಗಿ ಸುತ್ತಿಕೊಡಿ” ಎಂದೇ ಮಾತು ಶುರು ಮಾಡುತ್ತಾರೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ಕಾಯಿಲ್ ಹೊಸದರಂತೆ ಹೊಳೆಯುತ್ತಿರುತ್ತದೆ. ಕೇಬಲ್ ಜಾಯಿಂಟಿನಲ್ಲಿ ನೀರು ಇಳಿದಿರುತ್ತದೆ, ಇಲ್ಲವೇ ಸ್ಟಾರ್ಟರಿನಲ್ಲಿ ಒಂದು ಫೇಸ್ ಸತ್ತಿರುತ್ತದೆ. ಆದ್ದರಿಂದ ನಾನು ಮೋಟಾರಿಗೆ ಕೈ ಹಾಕುವ ಮೊದಲು ಕರೆಂಟ್ ಬರುವ ದಾರಿಯನ್ನು ನೋಡುತ್ತೇನೆ.

ಅಂಗಡಿ ಮುಚ್ಚಿದ ಮೇಲೆ ನಾನು ಮಾಡುವ ಇನ್ನೊಂದು ಕೆಲಸ ಚದುರಂಗ ಆಡುವ ಪ್ರೋಗ್ರಾಂ, ಅಂದರೆ ಎಂಜಿನ್, ಬರೆಯುವುದು. ಅದರ ಹೆಸರು ಮಂಡಕ್ಕಿ. ಕಂಪ್ಯೂಟರಿನಲ್ಲಿ ಬಹಳ ಜಾಗ ಹಿಡಿಯುತ್ತದೆ, ತೂಕ ಮಾತ್ರ ಇಲ್ಲ, ಅದಕ್ಕೇ ಆ ಹೆಸರು. ಚಿತ್ರದುರ್ಗದಲ್ಲಿರುವ ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಎಂಜಿನ್ ಹೆಸರು ಒನಕೆ. ಇಲ್ಲೇ ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು ಮಿರ್ಚಿ. ಭಾನುವಾರ ಸಂಜೆ ಲಿಚೆಸ್ ಎಂಬ ಆನ್‌ಲೈನ್ ಚದುರಂಗ ತಾಣದಲ್ಲಿ ಮೂವರ ಬಾಟ್ ಖಾತೆಗಳೂ (ಮನುಷ್ಯರ ಬದಲು ಪ್ರೋಗ್ರಾಂ ಆಡುವ ಖಾತೆಗಳು) ಒಂದಕ್ಕೊಂದು ಸವಾಲು ಹಾಕುತ್ತವೆ. ತಲಾ ಮೂರು ನಿಮಿಷ, ಪ್ರತಿ ನಡೆಗೆ ಎರಡು ಸೆಕೆಂಡು ಹೆಚ್ಚುವರಿ. ನಾವು ಮೂವರೂ ಮನೆಯಲ್ಲಿ ಕೂತು ಪರದೆ ನೋಡುತ್ತಾ ಫೋನಿನಲ್ಲಿ ಕಾಲೆಳೆಯುತ್ತೇವೆ.

ಎರಡು ವರ್ಷಗಳಲ್ಲಿ ಮಂಡಕ್ಕಿ ಸೋತ ಆಟಗಳ ಲಾಗ್‌ಗಳನ್ನು ಓದಿ ಓದಿ ನನಗೆ ಮನವರಿಕೆಯಾದದ್ದು ಇಷ್ಟು: ಹೊಸ ಎಂಜಿನ್ ಸೋತಾಗ ನಾವು ಮೊದಲು ಅದರ ಬುದ್ಧಿಯನ್ನು ಬೈಯುತ್ತೇವೆ. ಕುದುರೆಗೆ ಕೊಟ್ಟ ಬೆಲೆ ಸರಿಯಿಲ್ಲ, ರಾಜನ ರಕ್ಷಣೆ ಲೆಕ್ಕಕ್ಕೆ ಬಂದಿಲ್ಲ ಎಂದು ರಾತ್ರಿಯೆಲ್ಲ ಮೌಲ್ಯಮಾಪನದ ಅಂಕಿಗಳನ್ನು ತಿದ್ದುತ್ತೇವೆ. ಕಾಯಿಲ್ ಸುತ್ತುವುದೆಂದರೆ ಅದೇ. ತೊಂದರೆ ಇರುವುದು ಹೆಚ್ಚಾಗಿ ತಂತಿಯಲ್ಲಿ, ಅಂದರೆ ಎಂಜಿನ್ ಹೊರಗಿನವರೊಂದಿಗೆ ಆಡುವ ಮಾತಿನಲ್ಲಿ, ಗಡಿಯಾರದಲ್ಲಿ, ನಿಯಮಗಳ ಲೆಕ್ಕದಲ್ಲಿ. ಆ ದಾರಿಯನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೀರ್ಪು ಏನೆಂದು ಮೊದಲು ಓದಿ

ಎಂಜಿನ್ ನೇರವಾಗಿ ಎದುರಾಳಿಯೊಂದಿಗೆ ಮಾತನಾಡುವುದಿಲ್ಲ. ನಡುವೆ ಒಬ್ಬ ಅಂಪೈರ್ ಇರುತ್ತಾನೆ. ಮನೆಯ ಕಂಪ್ಯೂಟರಿನಲ್ಲೇ ಪಂದ್ಯ ನಡೆಸಿದರೆ ಕ್ಯೂಟ್‌ಚೆಸ್‌ನಂಥ ತಂತ್ರಾಂಶ ಆ ಕೆಲಸ ಮಾಡುತ್ತದೆ. ಆನ್‌ಲೈನ್ ಆಡಿದರೆ ನಮ್ಮ ಕಂಪ್ಯೂಟರಿನಲ್ಲಿ ಓಡುವ ಸೇತುವೆ ಪ್ರೋಗ್ರಾಂ ಒಂದು ಕಡೆ ಸರ್ವರಿನೊಂದಿಗೆ, ಇನ್ನೊಂದು ಕಡೆ ಎಂಜಿನ್ನಿನೊಂದಿಗೆ ಮಾತನಾಡುತ್ತದೆ. ಎಂಜಿನ್ ಜೊತೆಗಿನ ಮಾತು ಸಾಮಾನ್ಯವಾಗಿ ಯುಸಿಐ ಎಂಬ ಭಾಷೆಯಲ್ಲಿ ನಡೆಯುತ್ತದೆ. ಶ್ರೆಡರ್ ಎಂಜಿನ್ನಿನ ಕರ್ತೃ ಸ್ಟೆಫಾನ್ ಮೇಯರ್ ಕಾಲೆನ್ ಮತ್ತು ರುಡಾಲ್ಫ್ ಹ್ಯೂಬರ್ 2000ರಲ್ಲಿ ರೂಪಿಸಿದ ಈ ಭಾಷೆ ಬಹಳ ಸರಳ. ಸಾಲಿಗೊಂದು ಮಾತು, ಅಷ್ಟೇ. ಅಂಪೈರ್ “ಪೊಸಿಷನ್” ಎಂದು ಇಲ್ಲಿಯವರೆಗಿನ ನಡೆಗಳನ್ನೆಲ್ಲ ಹೇಳುತ್ತಾನೆ, “ಗೋ” ಎಂದು ಉಳಿದ ಸಮಯ ಹೇಳುತ್ತಾನೆ, ಎಂಜಿನ್ ಯೋಚಿಸಿ “ಬೆಸ್ಟ್‌ಮೂವ್ ಇ2ಇ4” ಎನ್ನುತ್ತದೆ.

ಆಟ ಅಸಹಜವಾಗಿ ಮುಗಿದರೆ ಕ್ಯೂಟ್‌ಚೆಸ್ ಕಾರಣ ಹೇಳುತ್ತದೆ. ಸಮಯ ಮುಗಿಯಿತು, ಅಕ್ರಮ ನಡೆ, ಸಂಪರ್ಕ ಕಡಿತ, ಉತ್ತರವೇ ಇಲ್ಲ ಎಂಬ ಈ ನಾಲ್ಕು ತೀರ್ಪುಗಳಿಗೆ ನಾಲ್ಕು ಬೇರೆ ದಾರಿಗಳಿವೆ. ಒಂದನ್ನು ಇನ್ನೊಂದೆಂದು ತಿಳಿದರೆ ವಾರಗಟ್ಟಲೆ ಅಲೆಯಬೇಕಾಗುತ್ತದೆ. ಆನ್‌ಲೈನಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಎಂಜಿನ್ ಅಕ್ರಮ ನಡೆ ಕಳುಹಿಸಿದರೆ ಸರ್ವರ್ ಅದನ್ನು ತಿರಸ್ಕರಿಸುತ್ತದೆ, ಆಟವನ್ನು ನಿಲ್ಲಿಸುವುದಿಲ್ಲ. ಗಡಿಯಾರ ಓಡುತ್ತಲೇ ಇರುತ್ತದೆ. ಪರದೆ ನೋಡುವವರಿಗೆ ಅದು ಸಮಯ ಮುಗಿದ ಸೋಲಿನಂತೆಯೇ ಕಾಣುತ್ತದೆ. ಹಾಗಾಗಿ ಆನ್‌ಲೈನ್ ಫಲಿತಾಂಶವನ್ನು ನಂಬಿ ಸಮಯದ ಲೆಕ್ಕ ತಿದ್ದಲು ಹೊರಡಬೇಡಿ. ಲಾಗ್ ತೆಗೆಯಿರಿ.

ಲಾಗ್ ಎಂದರೆ ಎಂಜಿನ್ ಒಳಗೇ ಬರೆದುಕೊಳ್ಳುವ ಕಡತ. ಬಂದ ಪ್ರತಿ ಸಾಲು, ಹೋದ ಪ್ರತಿ ಸಾಲು, ಪಕ್ಕದಲ್ಲಿ ಮಿಲಿಸೆಕೆಂಡಿನವರೆಗೆ ಸಮಯ. ಬರೆಯುವುದು ಹತ್ತು ಸಾಲಿನ ಕೆಲಸ. ಸೇತುವೆಯ ಲಾಗ್ ಇದೆಯಲ್ಲ ಎಂದು ಇದನ್ನು ಬಿಡಬೇಡಿ. ಸೇತುವೆ ತಾನು ಕಳುಹಿಸಿದ್ದನ್ನು ಬರೆಯುತ್ತದೆ, ನಿಮ್ಮ ಎಂಜಿನ್ ಏನನ್ನು ಓದಿತು ಎಂಬುದು ಅದಕ್ಕೆ ಗೊತ್ತಿಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ನನ್ನನ್ನು ಎರಡು ತಿಂಗಳು ಕುಣಿಸಿತು.

ನೂರೆರಡನೆಯ ನಡೆ

ಒಂದು ಭಾನುವಾರ ಆಟ ಮುಗಿದ ಕೂಡಲೇ ಮೇಷ್ಟ್ರು ದುರ್ಗದಿಂದ ಫೋನ್ ಮಾಡಿದರು. “ಏನಪ್ಪಾ, ನಿನ್ನ ಮಂಡಕ್ಕಿ ಮತ್ತೆ ನೂರೆರಡನೆಯ ನಡೆಗೇ ಒದ್ದೆಯಾಯಿತಲ್ಲ?”

“ಉದ್ದನೆಯ ಆಟ ಮೇಷ್ಟ್ರೇ, ಸಮಯ ಸಾಲದೆ ಬಂದಿರಬೇಕು” ಎಂದೆ.

“ಸಮಯವೇ ಆಗಿದ್ದರೆ ಒಮ್ಮೆ ತೊಂಬತ್ತಕ್ಕೆ, ಒಮ್ಮೆ ನೂರಿಪ್ಪತ್ತಕ್ಕೆ ಹೋಗಬೇಕು. ಬಿಳಿ ಆಡಿದರೆ ನೂರೆರಡು, ಕಪ್ಪು ಆಡಿದರೆ ನೂರಒಂದು. ಮೂರು ಆಟ ಬರೆದಿಟ್ಟುಕೊಂಡಿದ್ದೇನೆ. ಅಂಕಿ ಇಷ್ಟು ನಿಯತ್ತಾಗಿದ್ದರೆ ಅದು ಚದುರಂಗದ ತಪ್ಪಲ್ಲ.”

ಗಣಿತದ ಮೇಷ್ಟ್ರು. ನಾನು ಆವರೆಗೆ ಮಂಡಕ್ಕಿಯ ಕೊನೆಯಾಟದ ಕೋಷ್ಟಕಗಳನ್ನು ಮೂರು ಸಲ ಬದಲಿಸಿದ್ದೆ. ಅಂದು ರಾತ್ರಿ ಎಂಜಿನ್ ಒಳಗಿನ ಲಾಗ್ ಬರೆಸಿ, ಅದೇ ಆಟವನ್ನು ಮನೆಯಲ್ಲೇ ಮತ್ತೆ ಓಡಿಸಿದೆ. ಬಿಳಿಯ 101ನೆಯ ನಡೆಗೆ ಮಂಡಕ್ಕಿ ಆನೆಯನ್ನು ಡಿ4ರಿಂದ ಡಿ7ಕ್ಕೆ ಕಳುಹಿಸಿತ್ತು. 102ನೆಯ ನಡೆಗೆ ಮತ್ತೆ ಡಿ4ರಿಂದ ಡಿ7 ಎಂದಿತು. ಆನೆ ಆಗಲೇ ಡಿ7ರಲ್ಲಿ ನಿಂತಿದೆ, ಡಿ4 ಖಾಲಿ. ಅಂಪೈರ್ ಅಕ್ರಮ ನಡೆ ಎಂದು ಆಟ ಮುಗಿಸಿದ.

ಮಾಡಿದ ನಡೆಯನ್ನೇ ಮತ್ತೆ ಮಾಡುತ್ತದೆಂದರೆ ಎಂಜಿನ್ ಕಣ್ಣಿಗೆ ಇನ್ನೂ ಹಿಂದಿನ ಸ್ಥಾನವೇ ಕಾಣುತ್ತಿದೆ ಎಂದಾಯಿತು. ಒಳಗಿನ ಲಾಗ್‌ನಲ್ಲಿ ಆ “ಪೊಸಿಷನ್” ಸಾಲು ಎರಡು ತುಂಡಾಗಿ ಬಿದ್ದಿತ್ತು. ಮೊದಲ ತುಂಡಿನಲ್ಲಿ 200 ಅರ್ಧನಡೆಗಳು (ಒಂದು ಬದಿ ಒಮ್ಮೆ ಆಡಿದರೆ ಒಂದು ಅರ್ಧನಡೆ). ಎರಡನೆಯ ತುಂಡಿನಲ್ಲಿ ಬರೇ ಎರಡು ನಡೆಗಳು, ಮುಂದೆ ಯಾವ ಆಜ್ಞೆಯೂ ಇಲ್ಲದೆ. ಆ ಎರಡನೆಯ ತುಂಡನ್ನು ಮಂಡಕ್ಕಿ “ಇದೇನೋ ನನಗೆ ಗೊತ್ತಿಲ್ಲದ ಮಾತು” ಎಂದು ಬಿಟ್ಟುಬಿಟ್ಟಿತ್ತು. ಯುಸಿಐ ನಿಯಮವೂ ಹಾಗೇ ಹೇಳುತ್ತದೆ, ಗೊತ್ತಿಲ್ಲದ ಮಾತನ್ನು ಬಿಟ್ಟು ಮುಂದೆ ಹೋಗು ಎಂದು.

ಲೆಕ್ಕ ಹಾಕಿ ನೋಡಿ. ಸಾಲಿನ ಆರಂಭದ ಮೂರು ಪದಗಳು, ಅಂದರೆ ಪೊಸಿಷನ್, ಸ್ಟಾರ್ಟ್‌ಪಾಸ್, ಮೂವ್ಸ್, ಇಂಗ್ಲಿಷ್ ಅಕ್ಷರಗಳಲ್ಲಿ ನಡುವಿನ ಖಾಲಿ ಜಾಗವೂ ಸೇರಿ 23. ಆಮೇಲೆ ಪ್ರತಿ ನಡೆಗೆ ನಾಲ್ಕು ಅಕ್ಷರ, ಒಂದು ಖಾಲಿ ಜಾಗ, ಒಟ್ಟು ಐದು. ನಾನು ಸಿ ಭಾಷೆಯಲ್ಲಿ ಸಾಲು ಓದಲು ಇಟ್ಟಿದ್ದ ಜಾಗ 1024 ಅಕ್ಷರ. ಕೊನೆಯ ಒಂದು ಶೂನ್ಯಕ್ಕೆ ಮೀಸಲು, ಉಳಿದದ್ದು 1023. ಅದರಲ್ಲಿ 23 ಕಳೆದರೆ 1000. ಐದರಿಂದ ಭಾಗಿಸಿದರೆ 200. ಎರಡೂ ಬದಿಯ ನೂರು ನಡೆಗಳು ಕೂದಲೆಳೆ ಅಂತರವಿಲ್ಲದೆ ಹಿಡಿಸಿ, ಮುಂದಿನದು ಹೊರಗೆ ಚೆಲ್ಲುತ್ತದೆ. ಬಿಳಿ ಆಡುವಾಗ 202 ಅರ್ಧನಡೆಗಳು ಬಂದು 200 ಮಾತ್ರ ಓದುತ್ತದೆ, ಹಿಂದಿನ ಸ್ಥಾನವೇ ಸಿಗುತ್ತದೆ, ಹಿಂದಿನ ಉತ್ತರವೇ ಬರುತ್ತದೆ. ಕಪ್ಪು ಆಡುವಾಗ 201 ಬಂದು 200 ಓದುತ್ತದೆ, ಸರದಿ ಬಿಳಿಯದೆಂದು ತಿಳಿದು ಎದುರಾಳಿಯ ಕಾಯಿಯನ್ನೇ ನಡೆಸುತ್ತದೆ. ನಡುವೆ ಪದಾತಿ ಬಡ್ತಿ ಪಡೆದಿದ್ದರೆ ಆ ನಡೆಗೆ ಐದು ಅಕ್ಷರ, ಇ7ಇ8ಕ್ಯೂ ಎಂಬಂತೆ. ಆಗ ಲೆಕ್ಕ ಒಂದೆರಡು ಅಕ್ಷರ ಜಾರಿ, ಕೊನೆಯ ನಡೆ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ.

ಪರಿಹಾರ ಒಂದು ಸಾಲಿನದು. ಸಾಲಿನ ಉದ್ದಕ್ಕೆ ಮಿತಿ ಇಲ್ಲದಂತೆ ಓದುವ ವಿಧಾನ ಬಳಸಬೇಕು. ಸಿ ಪ್ಲಸ್ ಪ್ಲಸ್ ಮತ್ತು ಪೈಥಾನಿನಲ್ಲಿ ಅದು ಸಹಜವಾಗಿಯೇ ಇದೆ. ಸಿ ಭಾಷೆಯಲ್ಲೇ ಇರಬೇಕೆಂಬ ಹಠ ನನ್ನಂತೆ ನಿಮಗೂ ಇದ್ದರೆ ಕೆಲವು ಸಾವಿರ ಅಕ್ಷರಗಳ ಬದಲು 65,536 ಇಡಿ, ಆಮೇಲೆ ಸಾಲಿನ ಕೊನೆಯ ಚಿಹ್ನೆ ನಿಜವಾಗಿ ಬಂದಿತೇ ಎಂದು ಪರೀಕ್ಷಿಸಿ. ನಿಮ್ಮ ಎಂಜಿನ್ ಯಾವಾಗಲೂ ಒಂದೇ ಸಂಖ್ಯೆಯ ಆಸುಪಾಸಿನಲ್ಲಿ ಬಿದ್ದರೆ, ಅಲ್ಲಿಯವರೆಗಿನ ಅರ್ಧನಡೆಗಳ ಸಂಖ್ಯೆಯನ್ನು ಐದರಿಂದ ಗುಣಿಸಿ 23 ಕೂಡಿಸಿ ನೋಡಿ. 256, 512, 1024, 4096 ಇವುಗಳ ಹತ್ತಿರ ಬಂದರೆ ಕಳ್ಳ ಸಿಕ್ಕ.

ಮಾತೇ ಹೊರಡದಿದ್ದಾಗ

ಮಿರ್ಚಿಯ ಹುಡುಗ ಮೊದಲ ಸಲ ಸೇತುವೆಗೆ ಜೋಡಿಸಿದ ದಿನ ಅಂಗಡಿಗೇ ಲ್ಯಾಪ್‌ಟಾಪ್ ತಂದಿದ್ದ. “ಅಣ್ಣಾ, ಕೈಯಲ್ಲಿ ಟೈಪ್ ಮಾಡಿದರೆ ಚೆನ್ನಾಗಿ ಉತ್ತರ ಕೊಡುತ್ತದೆ. ಸೇತುವೆಗೆ ಹಾಕಿದರೆ ಮೌನವ್ರತ.”

ಇದು ಎಲ್ಲರಿಗೂ ಒಮ್ಮೆ ಆಗುವ ಕಾಯಿಲೆ. ಪ್ರೋಗ್ರಾಂ ಟರ್ಮಿನಲ್‌ಗೆ ಬರೆಯುವಾಗ ಸಾಲು ಮುಗಿದ ಕೂಡಲೇ ಹೊರಗೆ ಕಳುಹಿಸುತ್ತದೆ. ಅದೇ ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಮಿಗೆ ಪೈಪ್ ಮೂಲಕ ಬರೆಯುವಾಗ, ಒಂದಷ್ಟು ಸಾವಿರ ಅಕ್ಷರ ಸೇರುವವರೆಗೆ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸೀಟು ತುಂಬುವವರೆಗೆ ಸ್ಟ್ಯಾಂಡ್ ಬಿಡದ ಖಾಸಗಿ ಬಸ್ಸಿನ ಹಾಗೆ. ಎಂಜಿನ್ “ಯುಸಿಐ ಓಕೆ” ಎಂದು ಹೇಳಿಯಾಗಿದೆ, ಆ ಮಾತು ಬಸ್ಸಿನಲ್ಲಿ ಕೂತಿದೆ, ಅಂಪೈರ್ ಇತ್ತ ಕಾಯುತ್ತಿದ್ದಾನೆ. ಪೈಥಾನಿನಲ್ಲಿ ಬರೆಯುವ ಪ್ರತಿ ಸಾಲಿಗೂ ಫ್ಲಶ್ ಮಾಡಲು, ಅಂದರೆ ಕೂಡಲೇ ಹೊರಗೆ ಕಳುಹಿಸಲು, ಹೇಳಬೇಕು, ಸಿ ಭಾಷೆಯಲ್ಲಿ ಆರಂಭದಲ್ಲೇ ಬಫರಿಂಗ್, ಅಂದರೆ ಈ ಹಿಡಿದಿಡುವ ಅಭ್ಯಾಸವನ್ನು, ನಿಲ್ಲಿಸಬೇಕು. ಹುಡುಗನ ಕೆಲಸ ಚಹಾ ಬರುವಷ್ಟರಲ್ಲಿ ಮುಗಿಯಿತು.

ಉತ್ತರವೇ ಇಲ್ಲ ಎಂಬ ತೀರ್ಪಿಗೆ ಎರಡನೆಯ ಕಾರಣ, ಯೋಚಿಸುತ್ತಿರುವಾಗ ಎಂಜಿನ್ ಕಿವಿ ಮುಚ್ಚಿಕೊಳ್ಳುವುದು. “ಈಸ್ ರೆಡಿ” ಎಂದು ಕೇಳಿದರೆ ಯೋಚನೆಯ ನಡುವೆಯೂ “ರೆಡಿ ಓಕೆ” ಎನ್ನಬೇಕು, “ಸ್ಟಾಪ್” ಎಂದರೆ ಕೂಡಲೇ ಅಲ್ಲಿಯವರೆಗೆ ಸಿಕ್ಕ ಉತ್ತಮ ನಡೆಯನ್ನು ಹೇಳಬೇಕು. ಓದುವ ಕೆಲಸ ಒಂದು ಥ್ರೆಡ್‌ನಲ್ಲಿ (ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಎಳೆಗಳಲ್ಲಿ ಒಂದು), ಯೋಚಿಸುವ ಕೆಲಸ ಇನ್ನೊಂದರಲ್ಲಿ ಇಟ್ಟರೆ ಸರಿಹೋಗುತ್ತದೆ. ಲಾಗ್‌ನಲ್ಲಿ ಎಂದಾದರೂ “ಬೆಸ್ಟ್‌ಮೂವ್ ಎ1ಎ1” ಕಂಡರೆ ಬೆಚ್ಚಿಬೀಳಬೇಡಿ. ನಡೆಯನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುವ ಎಂಜಿನ್‌ಗಳಲ್ಲಿ ಸೊನ್ನೆಯನ್ನು ಬಿಡಿಸಿ ಬರೆದರೆ ಸಿಗುವುದು ಅದೇ. ಒಳ್ಳೆಯ ನಡೆಗಾಗಿ ಎಂಜಿನ್ ಮಾಡುವ ಹುಡುಕಾಟದ ಮೊದಲ ಹಂತವೂ ಮುಗಿಯುವ ಮೊದಲೇ ನಿಲ್ಲಿಸಿದ್ದೀರಿ, ಕೈಯಲ್ಲಿ ನಡೆಯೇ ಇಲ್ಲ ಎಂದರ್ಥ. ಹುಡುಕಾಟ ಶುರುವಾಗುವ ಮೊದಲೇ ಯಾವುದಾದರೊಂದು ಸಕ್ರಮ ನಡೆಯನ್ನು ಜೇಬಿನಲ್ಲಿ ಹಾಕಿಕೊಂಡಿರಿ.

ಅಕ್ರಮ ನಡೆ

ಓದುವ ಸಾಲು ಸರಿಯಿದ್ದೂ ಅಕ್ರಮ ನಡೆ ಬಂದರೆ ನಡೆ ಹುಟ್ಟಿಸುವ ಭಾಗವೇ ತಪ್ಪು. ಇದನ್ನು ಕಣ್ಣಿನಿಂದ ಹುಡುಕಲು ಹೋಗಬೇಡಿ. ಪರ್ಫ್ಟ್ ಎಂಬ ಪರೀಕ್ಷೆ ಇರುವುದೇ ಇದಕ್ಕೆ. ಒಂದು ಸ್ಥಾನದಿಂದ ಇಷ್ಟು ಅರ್ಧನಡೆಗಳ ಆಳದಲ್ಲಿ ಒಟ್ಟು ಎಷ್ಟು ದಾರಿಗಳಿವೆ ಎಂದು ಎಣಿಸುವುದು, ಗೊತ್ತಿರುವ ಉತ್ತರದೊಂದಿಗೆ ತಾಳೆ ನೋಡುವುದು. ಆಟದ ಆರಂಭದ ಸ್ಥಾನದಿಂದ ಒಂದರ ಆಳಕ್ಕೆ 20, ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281, ಐದಕ್ಕೆ 48,65,609. ಒಂದಂಕಿ ಹೆಚ್ಚುಕಡಿಮೆಯಾದರೂ ದೋಷ ಇದೆ.

ಆದರೆ ಆರಂಭದ ಸ್ಥಾನ ಸರಿ ಬಂತೆಂದು ಹಿಗ್ಗಬೇಡಿ. ಅಲ್ಲಿ ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಒಟ್ಟಿಗೆ ಸರಿಯುವುದು), ಬಡ್ತಿ ಎಲ್ಲ ಬರಲು ಬಹಳ ಆಳಕ್ಕೆ ಹೋಗಬೇಕು. ಎಂಜಿನ್ ಬರೆಯುವವರು ಕಿವಿಪೀಟ್ ಎಂದು ಕರೆಯುವ ಸ್ಥಾನ ಇದಕ್ಕಿಂತ ಕಟುವಾದ ಪರೀಕ್ಷಕ. ಅದರ ಉತ್ತರಗಳು 48, 2,039, 97,862, 40,85,603. ಆನೆ ತನ್ನ ಮೂಲೆಯಲ್ಲೇ ಸತ್ತಾಗ ಆ ಬದಿಯ ಕ್ಯಾಸ್ಲಿಂಗ್ ಹಕ್ಕನ್ನು ಅಳಿಸಲು ಮರೆತಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ಒನಕೆಗೆ ಆ ರೋಗವಿತ್ತು. ಇಲ್ಲದ ಆನೆಯೊಂದಿಗೆ ಕ್ಯಾಸ್ಲಿಂಗ್ ಮಾಡಲು ಹೋಗುತ್ತಿತ್ತು.

ನನಗೆ ಅತ್ಯಂತ ಪ್ರೀತಿಯದು ಇನ್ನೊಂದು, ಕಾಯಿಗಳು ಕಡಿಮೆ ಇರುವ ಸ್ಥಾನ. ಮಣೆ ಹಾಸಿ ಇಟ್ಟುಕೊಂಡು ನೋಡಿ. ಬಿಳಿ ರಾಜ ಎ5, ಆನೆ ಬಿ4, ಪದಾತಿಗಳು ಬಿ5, ಇ2, ಜಿ2. ಕಪ್ಪು ರಾಜ ಎಚ್4, ಆನೆ ಎಚ್5, ಪದಾತಿಗಳು ಸಿ7, ಡಿ6, ಎಫ್4. ನಡೆ ಬಿಳಿಯದು. ಮುಂದೆ ಕಪ್ಪು ಪದಾತಿ ಸಿ7ರಿಂದ ಸಿ5ಕ್ಕೆ ಹಾರಿತು ಎಂದುಕೊಳ್ಳಿ. ಬಿ5ರ ಬಿಳಿ ಪದಾತಿ ಅದನ್ನು ಆನ್ ಪಾಸಾಂ, ಅಂದರೆ ಅದು ಒಂದೇ ಮನೆ ಸರಿದಿತ್ತೆಂಬಂತೆ, ಹೊಡೆಯಬಹುದೇ? ಹೊಡೆದರೆ ಐದನೆಯ ಸಾಲಿನಿಂದ ಒಂದೇ ಏಟಿಗೆ ಎರಡು ಪದಾತಿಗಳೂ ಮಾಯವಾಗುತ್ತವೆ. ಎಚ್5ರ ಆನೆಗೂ ಎ5ರ ರಾಜನಿಗೂ ನಡುವೆ ಯಾರೂ ಉಳಿಯುವುದಿಲ್ಲ. ಆದ್ದರಿಂದ ಆ ನಡೆ ಅಕ್ರಮ. ಕಪ್ಪಿನ ಕಡೆಗೂ ಇದೇ ಬಲೆ ನಾಲ್ಕನೆಯ ಸಾಲಿನಲ್ಲಿ ಕಾದಿದೆ, ಬಿಳಿ ಇ2ರಿಂದ ಇ4ಕ್ಕೆ ಹಾರಿದಾಗ. ಸಾಮಾನ್ಯ ಪಿನ್ ಪರೀಕ್ಷೆ (ಕಾಯಿ ಸರಿದರೆ ರಾಜನಿಗೆ ಶಹ ಬೀಳುತ್ತದೆಯೇ ಎಂದು ನೋಡುವುದು) ಒಂದು ಕಾಯಿ ಮಾತ್ರ ತೆಗೆದು ನೋಡುತ್ತದೆ, ಇಲ್ಲಿ ಎರಡು ಹೋಗುತ್ತವೆ. ಸರಿಯಾದ ಎಣಿಕೆ 14, 191, 2,812, 43,238, 6,74,624. ಒನಕೆ, ಮಂಡಕ್ಕಿ, ಮಿರ್ಚಿ ಮೂರೂ ಮೊದಲ ಯತ್ನದಲ್ಲಿ ಇಲ್ಲಿ ಎಡವಿದ್ದವು.

ಎಣಿಕೆ ತಪ್ಪಾದರೆ ಮೊದಲ ನಡೆಗಳ ಪ್ರಕಾರ ಭಾಗಮಾಡಿ ಎಣಿಸಿ, ಸ್ಟಾಕ್‌ಫಿಶ್ ಎಂಬ ಪ್ರಸಿದ್ಧ ಎಂಜಿನ್ ಕೊಡುವ ಎಣಿಕೆಯೊಂದಿಗೆ ಹೋಲಿಸಿ. ಯಾವ ನಡೆಯ ಕೆಳಗೆ ವ್ಯತ್ಯಾಸವಿದೆಯೋ ಆ ನಡೆ ಮಾಡಿ, ಒಂದು ಆಳ ಕಡಿಮೆ ಮಾಡಿ ಮತ್ತೆ ಹೋಲಿಸಿ. ನಾಲ್ಕೈದು ಸಲ ಇಳಿಯುವಷ್ಟರಲ್ಲಿ ತಪ್ಪು ನಡೆ ಎದುರಿಗೇ ನಿಂತಿರುತ್ತದೆ. ಕೊನೆಗೆ ಒಂದು ಚಿಕ್ಕ ಮಾತು: ಬಡ್ತಿಯ ಅಕ್ಷರ ಯುಸಿಐಯಲ್ಲಿ ಯಾವಾಗಲೂ ಸಣ್ಣಕ್ಷರ, ಕ್ಯಾಸ್ಲಿಂಗ್ ಎಂದರೆ ರಾಜ ಹೋಗುವ ಮನೆ, ಇ1ಜಿ1 ಎಂಬಂತೆ. ದೊಡ್ಡಕ್ಷರದಿಂದ ಆಟ ಕಳೆದುಕೊಂಡವರನ್ನು ನಾನು ಬಲ್ಲೆ.

ಗಡಿಯಾರ

ಸಮಯದ ಸೋಲಿಗೆ ಲಾಗ್‌ನಲ್ಲಿ ಎರಡು ಅಂಕಿ ನೋಡಿ. “ಗೋ” ಬಂದ ಗಳಿಗೆ, “ಬೆಸ್ಟ್‌ಮೂವ್” ಹೋದ ಗಳಿಗೆ. ಅವುಗಳ ಅಂತರ ಎಂಜಿನ್ ತಾನೇ ನಿಗದಿ ಮಾಡಿಕೊಂಡ ಸಮಯಕ್ಕಿಂತ ಹೆಚ್ಚಿದ್ದರೆ ತಪ್ಪು ಒಳಗೆ, ಅಷ್ಟೇ ಇದ್ದೂ ಸೋತಿದ್ದರೆ ತಪ್ಪು ಹೊರಗೆ ಅಥವಾ ನಿಗದಿಯಲ್ಲಿ.

ಒಳಗಿನ ತಪ್ಪಿನ ಮಾದರಿ ಮಿರ್ಚಿಯದು. ಗಡಿಯಾರ ನೋಡುವುದೂ ಖರ್ಚೇ ಎಂದು ಎಂಜಿನ್‌ಗಳು ಇಷ್ಟು ಸಾವಿರ ಸ್ಥಾನಗಳಿಗೊಮ್ಮೆ ಮಾತ್ರ ನೋಡುತ್ತವೆ. ಹುಡುಗ ಎಲ್ಲೋ ಓದಿ 65,536ಕ್ಕೊಮ್ಮೆ ಎಂದು ಇಟ್ಟಿದ್ದ. ಸೆಕೆಂಡಿಗೆ ಹತ್ತಾರು ಲಕ್ಷ ಸ್ಥಾನ ನೋಡುವ ಎಂಜಿನ್‌ಗೆ ಅದು ಕಣ್ಣು ಮಿಟುಕಿಸುವ ಹೊತ್ತು. ಅವನ ಪೈಥಾನ್ ಎಂಜಿನ್ ನೋಡುತ್ತಿದ್ದದ್ದು ಸೆಕೆಂಡಿಗೆ ಸುಮಾರು 20,000. ಅಂದರೆ ಮೂರು ಸೆಕೆಂಡಿಗೊಮ್ಮೆ ತಲೆಯೆತ್ತಿ ಗಡಿಯಾರ ನೋಡುತ್ತಿತ್ತು. ಎರಡು ಸೆಕೆಂಡ್ ಉಳಿದಿದ್ದಾಗ ಅದು ನೋಡುವ ಮೊದಲೇ ಆಟ ಮುಗಿದಿರುತ್ತಿತ್ತು.

ಇನ್ನೊಂದು ನನ್ನದೇ. ಸಾಗಾಟದ ವಿಳಂಬಕ್ಕೆಂದು ಉಳಿದ ಸಮಯದಿಂದ 500 ಮಿಲಿಸೆಕೆಂಡ್ ಕಳೆದು ಲೆಕ್ಕ ಹಾಕುತ್ತಿದ್ದೆ. ಹೆಚ್ಚುವರಿ ಸಮಯವಿಲ್ಲದ ಆಟದಲ್ಲಿ 400 ಉಳಿದಿದ್ದಾಗ ಉತ್ತರ ಋಣ ಸಂಖ್ಯೆ. ಮಂಡಕ್ಕಿಯ ಪಾಲಿಗೆ ಋಣ ಸಂಖ್ಯೆ ಎಂದರೆ ಮಿತಿಯೇ ಇಲ್ಲ ಎಂದು. ಸಮಯವೇ ಇಲ್ಲದಾಗ ಆರಾಮಾಗಿ ಕೂತು ಧ್ಯಾನ ಮಾಡಿತು. ಕಳೆದ ಮೇಲೆ ಕನಿಷ್ಠ 10 ಮಿಲಿಸೆಕೆಂಡಾದರೂ ಉಳಿಯುವಂತೆ ನೋಡಿಕೊಳ್ಳಿ. ನಿಗದಿಗೆ ನಾನೀಗ ಬಳಸುವ ಲೆಕ್ಕ: ಉಳಿದ ಸಮಯದ ಇಪ್ಪತ್ತೈದನೆಯ ಒಂದು ಪಾಲು, ಜೊತೆಗೆ ಹೆಚ್ಚುವರಿ ಸಮಯದ ಮುಕ್ಕಾಲು. ಮೂರು ನಿಮಿಷದ ಆಟದ ಮೊದಲ ನಡೆಗೆ ಅದು ಏಳು ಸೆಕೆಂಡ್ ಚಿಲ್ಲರೆ ಮತ್ತು ಒಂದೂವರೆ. ಎಲ್ಲ ಅಂಕಿಗಳೂ ಮಿಲಿಸೆಕೆಂಡಿನಲ್ಲಿ ಬರುತ್ತವೆ ಎಂಬುದನ್ನು ಮರೆಯಬೇಡಿ.

ಹೊರಗಿನ ಕಾರಣಗಳಿಗೆ ನಮ್ಮೂರಿನ ಬಣ್ಣವಿದೆ. ಏಪ್ರಿಲ್ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಕಾದು ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ. ಡಿಸೆಂಬರಿನಲ್ಲಿ ಎರಡು ಸೆಕೆಂಡಿಗೆ ಮುಟ್ಟುತ್ತಿದ್ದ ಆಳಕ್ಕೆ ಈಗ ಐದು ಬೇಕು. ಹಾಗಾಗಿ ಆಳವನ್ನು ನಿಗದಿ ಮಾಡಿ ಆಡಿಸುವ ಎಂಜಿನ್ ಬೇಸಿಗೆಯಲ್ಲಿ ಮಾತ್ರ ಸೋಲುತ್ತದೆ. ಕರೆಂಟ್ ಹೋದಾಗ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮನೆಗೆ ಇನ್‌ವರ್ಟರ್ ಇದೆ, ಆದರೂ ಇನ್‌ವರ್ಟರ್ ಹಿಡಿದುಕೊಳ್ಳುವ ಆ ಒಂದು ಗಳಿಗೆಯಲ್ಲಿ ಇಂಟರ್‌ನೆಟ್ ಮೋಡೆಮ್ ಆರಿ ಹೊತ್ತಿಕೊಳ್ಳುತ್ತದೆ. ಅದು ಮತ್ತೆ ಸಂಪರ್ಕ ಹಿಡಿಯಲು ತೆಗೆದುಕೊಳ್ಳುವ ಹೊತ್ತು ಮೂರು ನಿಮಿಷದ ಆಟಕ್ಕೆ ಸಾವು. ಮೋಡೆಮಿಗೆ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿದ ಮೇಲೆ ನನ್ನ ಸಮಯದ ಸೋಲುಗಳು ಅರ್ಧಕ್ಕರ್ಧ ನಿಂತವು. ಅಲ್ಗಾರಿದಂ ತಿದ್ದಿ ಅಷ್ಟು ಲಾಭ ನನಗೆ ಎಂದೂ ಸಿಕ್ಕಿಲ್ಲ. ಇನ್ನು ಸೇತುವೆಯ ಲಾಗ್‌ನಲ್ಲಿ 429 ಎಂಬ ಅಂಕಿ ಕಂಡರೆ ನೀವು ಸರ್ವರಿಗೆ ಅತಿಯಾಗಿ ಬೇಡಿಕೆ ಕಳುಹಿಸಿದ್ದೀರಿ. ಪೂರ್ತಿ ಒಂದು ನಿಮಿಷ ಸುಮ್ಮನಿದ್ದು ಮತ್ತೆ ಶುರು ಮಾಡಿ.

ಪ್ರೋಗ್ರಾಂ ಸತ್ತೇ ಹೋದರೆ

ಸಂಪರ್ಕ ಕಡಿತ ಎಂಬ ತೀರ್ಪಿನ ಅರ್ಥ ಬಹುಮಟ್ಟಿಗೆ ಎಂಜಿನ್ ಕ್ರ್ಯಾಶ್ ಆಗಿದೆ ಎಂದೇ. ಯಾವಾಗ ಸತ್ತಿತು ಎಂಬುದು ಸುಳಿವು. ಕಾಯಿಗಳು ಕಡಿಮೆಯಾದ ಕೊನೆಯಾಟದಲ್ಲೇ ಸತ್ತರೆ, ಹುಡುಕಾಟ ಸರ್ರನೆ ಆಳಕ್ಕಿಳಿದು 64 ಎಂದು ಇಟ್ಟಿದ್ದ ಕೋಷ್ಟಕದ ಗಡಿ ದಾಟಿದೆ. ಮಂತ್ರಿಗಳು ತುಂಬಿದ ಸ್ಥಾನದಲ್ಲಿ ಸತ್ತರೆ ನಡೆಗಳ ಪಟ್ಟಿಗೆ ಜಾಗ ಸಾಲದಾಗಿದೆ. ಒಂದು ಸ್ಥಾನದಲ್ಲಿ 218ರವರೆಗೂ ಸಕ್ರಮ ನಡೆಗಳು ಇರಬಲ್ಲವು, 256 ಇಟ್ಟರೆ ನೆಮ್ಮದಿ. ಸಿ ಭಾಷೆಯವರು ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿಯ ತಪ್ಪು ಹಿಡಿಯುವ ಸಾಧನ) ಹಾಕಿ ಕಂಪೈಲ್ ಮಾಡಿ ಒಂದು ರಾತ್ರಿ ಓಡಲು ಬಿಟ್ಟರೆ ಬೆಳಿಗ್ಗೆ ಸಾಲಿನ ಸಂಖ್ಯೆ ಸಮೇತ ಉತ್ತರ ಇರುತ್ತದೆ.

ಗೆದ್ದ ಆಟವನ್ನು ಡ್ರಾ ಮಾಡಿಕೊಳ್ಳುವುದು

ಒಂದು ಮಂತ್ರಿ ಹೆಚ್ಚಿರುವ ಒನಕೆ ಅದೇ ಎರಡು ಮನೆಗಳ ನಡುವೆ ಓಡಾಡಿ ಮೂರು ಸಲದ ಪುನರಾವರ್ತನೆಗೆ ಡ್ರಾ ಕೊಟ್ಟಿತು. ಮೇಷ್ಟ್ರು ಅಂದು ಫೋನ್ ಎತ್ತಲಿಲ್ಲ. ಎಂಜಿನ್ ಹುಡುಕಾಟದೊಳಗಿನ ಪುನರಾವರ್ತನೆಯನ್ನು ಗುರುತಿಸುತ್ತಿತ್ತು, “ಪೊಸಿಷನ್” ಸಾಲಿನಲ್ಲಿ ಬಂದ ಹಳೆಯ ನಡೆಗಳನ್ನು ಆಡಿಸುವಾಗ ಆ ಸ್ಥಾನಗಳ ಗುರುತನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಆಟದ ಇತಿಹಾಸವೂ ಅದೇ ಪಟ್ಟಿಗೆ ಸೇರಬೇಕು.

ಇದಕ್ಕಿಂತ ಕಾಡುವುದು, “ಮೂರು ನಡೆಯಲ್ಲಿ ಮೇಟ್” ಎಂದು ಎಂಜಿನ್ ಹೇಳುತ್ತಲೇ ಇದ್ದು ಮೇಟ್ ಮಾಡದಿರುವುದು. ಹೆದ್ದಾರಿಯ ಮೈಲಿಗಲ್ಲು ನೆನಪಿಸಿಕೊಳ್ಳಿ. ದುರ್ಗದ ಕಲ್ಲಿನ ಮೇಲೆ ಬೆಂಗಳೂರಿಗೆ ಸುಮಾರು 200 ಎಂದಿದ್ದರೆ ಅದು ಆ ಕಲ್ಲಿನಿಂದ ಇರುವ ದೂರ. ದಾವಣಗೆರೆಯಿಂದ ಹೊರಟವನು ತನ್ನ ಲೆಕ್ಕದ 260ನ್ನು ಆ ಕಲ್ಲಿನ ಮೇಲೆ ಬರೆದು ಹೋದರೆ ಮುಂದೆ ಬರುವವರೆಲ್ಲ ದಾರಿ ತಪ್ಪುತ್ತಾರೆ. ಹ್ಯಾಶ್ ಕೋಷ್ಟಕದಲ್ಲಿ (ಈಗಾಗಲೇ ನೋಡಿದ ಸ್ಥಾನಗಳ ಫಲಿತಾಂಶ ಇಟ್ಟುಕೊಳ್ಳುವ ಪಟ್ಟಿ) ಮೇಟ್ ದೂರವನ್ನು ಇಡುವಾಗ ಆ ಸ್ಥಾನದಿಂದ ಎಷ್ಟು ಎಂದು ಬದಲಿಸಿ ಇಡಬೇಕು, ತೆಗೆಯುವಾಗ ಹುಡುಕಾಟದ ಬೇರಿನಿಂದ, ಅಂದರೆ ಅದು ಶುರುವಾದ ಸ್ಥಾನದಿಂದ, ಎಷ್ಟು ಎಂದು ಮತ್ತೆ ಬದಲಿಸಬೇಕು. ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಕಳೆಯಲು ಮರೆತರೂ ಸಾಕು, ಗೆಲುವು ಯಾವಾಗಲೂ ಮೂರು ನಡೆ ದೂರದಲ್ಲೇ ಇರುತ್ತದೆ.

ಎಲ್ಲ ಸರಿಯಿದ್ದೂ ಸೋತರೆ

ಆಗ ಮಾತ್ರ ಮೌಲ್ಯಮಾಪನಕ್ಕೆ ಕೈ ಹಾಕಿ, ಅದೂ ಎಣಿಸಿ. ಡ್ರಾ ಇಲ್ಲದ 100 ಆಟಗಳಲ್ಲಿ ಹೊಸ ಆವೃತ್ತಿ 55 ಗೆದ್ದಿತು ಎಂದು ಪೇಡ ಹಂಚಬೇಡಿ. ನಾಣ್ಯ ನೂರು ಸಲ ಚಿಮ್ಮಿದರೆ 55 ಅಥವಾ ಅದಕ್ಕಿಂತ ಹೆಚ್ಚು ಸಲ ಮೊದಲೇ ಹೇಳಿದ ಮುಖವೇ ಬೀಳುವುದು ಐದಾರು ಯತ್ನಕ್ಕೊಮ್ಮೆ ಆಗುವಂಥದ್ದೇ. ಒಂದೇ ಆರಂಭವನ್ನು ಬಣ್ಣ ಬದಲಿಸಿ ಎರಡೆರಡು ಸಲ ಆಡಿಸಿ, ಸಾವಿರದ ಲೆಕ್ಕದಲ್ಲಿ ಆಡಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಭಾನುವಾರದ ನಾಲ್ಕು ಆಟಗಳಿಂದ ಏನೂ ತಿಳಿಯುವುದಿಲ್ಲ, ಅವು ಇರುವುದು ಕಾಲೆಳೆಯಲು.

ಸಹಾಯ ಕೇಳುವುದಾದರೆ ಪರದೆಯ ಫೋಟೋ ತೆಗೆದು ಕಳುಹಿಸಬೇಡಿ. ಎಂಜಿನ್ ಒಳಗಿನ ಲಾಗ್, ಸೇತುವೆಯ ಲಾಗ್, ಆಟದ ಸಮಯ ಮಿತಿ, ಎಂಜಿನ್ ಆಡಿದ ಬಣ್ಣ, ಬಿದ್ದ ನಡೆಯ ಸಂಖ್ಯೆ ಇಷ್ಟು ಕಳುಹಿಸಿ. ಬಾಟ್ ಖಾತೆಯ ಟೋಕನ್ (ಪಾಸ್‌ವರ್ಡಿನಂಥ ಗುಟ್ಟಿನ ಕೀಲಿ) ಆ ಕಡತದಲ್ಲಿ ಎಲ್ಲಾದರೂ ಇದ್ದರೆ ಮೊದಲು ಅಳಿಸಿ. ಹುಡುಗ ಒಮ್ಮೆ ಅಳಿಸದೆ ಕಳುಹಿಸಿದ್ದ, ಮುಂದಿನ ಭಾನುವಾರ ಮಿರ್ಚಿಯ ಖಾತೆಯಿಂದ ಆಡಿದ್ದು ಒನಕೆ.